ಕೊಸರು

ವೈದ್ಯೆ ಬರೆದದ್ದು ನೀಲಿ ಶಾಯಿಯಲ್ಲಿ, ದುಂಡಗೆ:
ಸಾಲ್ಮನ್ ಮೀನು, ಬಾದಾಮಿ, ಆಲಿವ್ ಎಣ್ಣೆ.
ಅದರ ಕೆಳಗೆ ನೋಲ್ಫಾ ಪೆನ್ಸಿಲಿನಲ್ಲಿ ಗೀಚಿದ್ದಾಳೆ:
ಡಬ್ಬಿಯ ಬಂಗುಡೆ. ಕಡಲೆಕಾಯಿ, ಉಪ್ಪಿಲ್ಲದ್ದು.
ಎಣ್ಣೆ ಮನೆಯಲ್ಲಿದೆ, ಸುಮ್ಮನೆ ಬಾ.

ಅವಳ ಮಂಡಿ ಊದಿದೆ. ರಕ್ತದಲ್ಲಿ ಸಕ್ಕರೆ
ಹೋಗೆಂದರೂ ಹೋಗದೆ ಠಿಕಾಣಿ ಹೂಡಿದೆ.
ಹಾಗಾಗಿ ಈ ಶನಿವಾರ ಸಂತೆಗೆ ನಾನು,
ನಲವತ್ತೊಂದು ವರ್ಷ ಈ ಊರಿನ ಬಸ್ಸು ಓಡಿಸಿದವನು,
ವಾಲ್ಪರೈಸೊದ ಗುಡ್ಡಗಳ ತಿರುವೆಲ್ಲ ತೋಳಿಗೇ ಬಾಯಿಪಾಠವಿದ್ದವನು,
ಈರುಳ್ಳಿಯ ಬೆಲೆ ಗೊತ್ತಿಲ್ಲದವನು.

ಜೇಬಿನಲ್ಲಿ ಹತ್ತು ಸಾವಿರ ಪೆಸೊ.
ಕೇಳುವುದಕ್ಕೆ ದೊಡ್ಡದು.
ಎರಡು ತುಂಡು ಸಾಲ್ಮನ್ ಅದನ್ನು ನುಂಗಿ ನೀರು ಕುಡಿಯುತ್ತದೆ.

"ಬೇಗ ಹೋಗಬೇಡ," ಅಂದಿದ್ದಳು,
"ಎರಡು ಗಂಟೆಯಾಗಲಿ. ಬಿಸಿಲಿಗೆ ಸೊಪ್ಪು ಸೋಲುತ್ತದೆ,
ಸೊಪ್ಪಿನ ಜೊತೆ ಮಾರುವವರೂ."
ನಾನು ಹತ್ತಕ್ಕೇ ಹೋದೆ.
ಗಂಟೆಗೆ ಮುಂಚೆ ಡಿಪೊದಲ್ಲಿರುವ ಚಟ.
ಈ ತುದಿಯಿಂದ ಆ ತುದಿಗೆ ನಡೆದೆ, ಮತ್ತೆ ಹಿಂದಕ್ಕೆ,
ಒಂದೊಂದು ನಿಲ್ದಾಣದಲ್ಲೂ ನಿಲ್ಲುತ್ತ,
ಯಾರನ್ನೂ ಹತ್ತಿಸಿಕೊಳ್ಳದೆ.

ಹತ್ತಕ್ಕೆ ಅಸೆಲ್ಗಾ ಸೊಪ್ಪು ಕಟ್ಟಿಗೆ ಸಾವಿರ.
ಹನ್ನೆರಡಕ್ಕೆ ಎಂಟುನೂರು.
ಒಂದೂವರೆಗೆ ಎರಡು ಕಟ್ಟು ಸಾವಿರ,
ಎರಡೂಕಾಲಿಗೆ ಮೂರು.
ಬೆಳಗಿನಿಂದ ನೋಡುತ್ತಿದ್ದ ಸೊಪ್ಪಿನಾಕೆ ಕೇಳಿದಳು:
"ಯಜಮಾನರೇ, ಕೊಳ್ಳೋಕೆ ಬಂದಿರೋ, ಕಾವಲಿಗೆ ಬಂದಿರೋ?"

ಆಮೇಲೆ ಕೊಚಾಯೂಯೊ. ಕಡಲಿನ ಪಾಚಿ, ಒಣಗಿಸಿ, ಮಡಿಸಿ,
ಹಳೆಯ ಚರ್ಮದ ಬೆಲ್ಟುಗಳ ಹಾಗೆ ಕಟ್ಟಿಟ್ಟದ್ದು.
ಹುಡುಗನಾಗಿದ್ದಾಗ ತಿಂಗಳ ಕೊನೆಗೆ ಅದೇ ನಮ್ಮ ಮಾಂಸ.
ಮೊದಲ ಸಂಬಳದ ದಿನ ಆಣೆ ಹಾಕಿದ್ದೆ, ಇನ್ನು ಮುಟ್ಟುವುದಿಲ್ಲ ಎಂದು.
ಈಗ ದುಡ್ಡಿದ್ದವರ ಅಂಗಡಿಯಲ್ಲಿ ಅದನ್ನೇ ಗಾಜಿನ ಭರಣಿಯಲ್ಲಿಟ್ಟು
ಮೂರು ಪಟ್ಟು ಬೆಲೆಗೆ ಮಾರುತ್ತಾರಂತೆ.
ಬಡತನಕ್ಕೆ ಆರೋಗ್ಯ ಎಂದು ನಾಮಕರಣವಾಗಿದೆ,
ನಮ್ಮನ್ನು ಕರೆಯಲಿಲ್ಲ.
ಚೀಟಿಯಲ್ಲಿ ಅದೂ ಇತ್ತು, ಕೊನೆಯಲ್ಲಿ, ಸಣ್ಣಗೆ,
ಪಕ್ಕದಲ್ಲೇ: ಮುಖ ಸಿಂಡರಿಸಬೇಡ.
ಸಿಂಡರಿಸಿದೆ. ಕೊಂಡೆ.

ಚೌಕಾಸಿ ನನಗೆ ಬಾರದು.
ಬಸ್ಸಿನ ದರಕ್ಕೆ ಚೌಕಾಸಿ ಉಂಟೆ?
ಕುಂಬಳದ ಹೋಳಿಗೆ ಹೇಳಿದಷ್ಟೂ ಕೊಟ್ಟು ಹೊರಟವನನ್ನು
ಕುಂಬಳದವನೇ ಕೂಗಿ ನಿಲ್ಲಿಸಿದ:
"ನೋಲ್ಫಾ ಅವರ ಮನೆಯವರಲ್ಲವೆ? ಆ ಚೀಲ ನನಗೆ ಗೊತ್ತು."
ಹಸಿರು ಪಟ್ಟೆಯ ಚೀಲ. ಹರಿದ ಒಂದು ಹಿಡಿಕೆಗೆ
ನನ್ನ ಹಳೆಯ ಸಮವಸ್ತ್ರದ ತೋಳು ಹೊಲಿದದ್ದು.
ಇನ್ನೊಂದು ತೆಳು ಹೋಳು ಕೊಯ್ದು ಒಳಗಿಟ್ಟ,
ಎರಡು ನಿಂಬೆ, ಒಂದು ಹಿಡಿ ಕೊತ್ತಂಬರಿ.
"ಅವರ ಕೊಸರು. ಯಾವಾಗಲೂ ಕೊಡುವುದು.
ಮಂಡಿ ಹೇಗಿದೆ? ಹೋದ ವರ್ಷದಿಂದ ಪಾಪ,
ಇಲ್ಲೇ ಈ ಪೆಟ್ಟಿಗೆಯ ಮೇಲೆ ಕೂತು ಹೋಗುತ್ತಿದ್ದರು."
ನನಗೆ ಗೊತ್ತಾದದ್ದು ಕಳೆದ ತಿಂಗಳು.

ಮರಳುವ ಬಸ್ಸಿನಲ್ಲಿ ಚಾಲಕ, ಮೀಸೆ ಇನ್ನೂ ನೆಟ್ಟಗೆ ಬರದ ಹುಡುಗ,
ಕನ್ನಡಿಯಲ್ಲಿ ನನ್ನನ್ನು ನೋಡಿ:
"ಚೀಲ ದಾರಿಗಡ್ಡ ಇದೆ. ಒಳಗೆಳೆದುಕೊಳ್ಳಿ."
ನನ್ನದೇ ಮಾತು. ಎಷ್ಟು ಹೆಂಗಸರಿಗೆ, ಎಷ್ಟು ಶನಿವಾರ,
ಕನ್ನಡಿಯಲ್ಲಿ ಮುಖ ನೋಡಿ ಅಲ್ಲ,
ಚೀಲ ನೋಡಿ ಹೇಳಿದ್ದೆ.
ತೊಡೆಯ ಮೇಲಿಟ್ಟುಕೊಂಡೆ.
ಕುಂಬಳದ ತೇವ ಪ್ಯಾಂಟಿಗೆ ಇಳಿಯಿತು.

ನೋಲ್ಫಾ ಒಂದೊಂದನ್ನೇ ಮೇಜಿನ ಮೇಲಿಟ್ಟಳು, ಒತ್ತಿದಳು, ಮೂಸಿದಳು.
ಚನ್ನಂಗಿ ಬೇಳೆಗೆ ಇನ್ನೂರು ಹೆಚ್ಚು ಕೊಟ್ಟಿದ್ದೆ.
ಟೊಮೇಟೊದಲ್ಲಿ ಎರಡು ತಳ ಕೊಳೆತದ್ದು.
ಉಳಿದ ಚಿಲ್ಲರೆ ಎಣಿಸಿ ಟೀ ಡಬ್ಬಿಗೆ ಹಾಕಿದಳು.
"ನಿಂಬೆ?"
"ಕೊಸರು," ಅಂದೆ, ನಾನೇ ಗೆದ್ದು ತಂದವನ ಹಾಗೆ.
ಬೆಳಕಿಗೆ ಹಿಡಿದು ನೋಡಿದಳು.
"ಎರಡೇ? ನನಗೆ ಮೂರು ಕೊಡುತ್ತಾನೆ."